ಮೆಮೊರಿ ಕಾರ್ಡ್: ಕ್ಯಾಮೆರಾ ಕಲಿಯುವವರ ಆಯ್ಕೆ

ಡಿಜಿಟಲ್ ಕ್ಯಾಮೆರಾ ತೆಗೆದ ಚಿತ್ರಗಳನ್ನೂ ವಿಡಿಯೊಗಳನ್ನೂ ಬರೆದಿಡುವ, ಬೇಕೆಂದಾಗ ಹೊರತೆಗೆಯಬಹುದಾದ ಪುಟ್ಟ ಸಾಧನ ಮೆಮೊರಿ ಕಾರ್ಡ್. ಇದರೊಳಗೆ ಚಲಿಸುವ ಭಾಗ ಒಂದೂ ಇಲ್ಲ. ಫ್ಲ್ಯಾಶ್ ಮೆಮೊರಿ ಎಂಬ ಸಿಲಿಕಾನ್ ಚಿಪ್ ಮತ್ತು ಅದನ್ನು ನಡೆಸುವ ನಿಯಂತ್ರಕ ಚಿಪ್ ಇದರ ಮುಖ್ಯ ಅಂಗಗಳು. ವಿದ್ಯುತ್ ಇಲ್ಲದಿದ್ದರೂ ಬರೆದದ್ದು ಉಳಿದಿರುತ್ತದೆ. ಹೊಸಬರು ಕೊಳ್ಳುವ ಬಹುತೇಕ ಕ್ಯಾಮೆರಾಗಳಿಗೆ ಇಂದು ಬೇಕಾದದ್ದು ಎಸ್‌ಡಿ ವರ್ಗದ ಕಾರ್ಡು. ಅಂಗಡಿಯಲ್ಲಿ ಒಂದೇ ಗಾತ್ರದ, ಒಂದೇ ಆಕಾರದ ಹತ್ತಾರು ಎಸ್‌ಡಿ ಕಾರ್ಡುಗಳಿರುತ್ತವೆ. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ಅಜಗಜಾಂತರ. ಮೇಲೆ ಅಚ್ಚಾದ ದೊಡ್ಡ ಸಂಖ್ಯೆ ನೋಡಿ ಕೊಳ್ಳುವವರೇ ಹೆಚ್ಚು. ಆದರೆ ಹೊಸಬರಿಗೆ ನಿಜವಾಗಿ ಬೇಕಾದ ಮಾಹಿತಿ ಇರುವುದು ಕಾರ್ಡಿನ ಮೂಲೆಯ ಸಣ್ಣ ಗುರುತುಗಳಲ್ಲಿ. ಅವನ್ನು ಓದಲು ಬಂದರೆ, ಅತಿ ದುಬಾರಿಯ ಒಂದು ಕಾರ್ಡಿಗಿಂತ ಮಧ್ಯಮ ದರ್ಜೆಯ ಎರಡು ಅಸಲಿ ಕಾರ್ಡುಗಳೇ ಮೇಲು ಎಂಬುದು ತಾನಾಗಿ ತಿಳಿಯುತ್ತದೆ.

ಹಿನ್ನೆಲೆ

ಡಿಜಿಟಲ್ ಛಾಯಾಗ್ರಹಣದ ಆರಂಭದಲ್ಲಿ ಚಿತ್ರ ಹಿಡಿಯುವುದು ಎಷ್ಟು ಕಷ್ಟವಿತ್ತೋ ಹಿಡಿದದ್ದನ್ನು ಉಳಿಸುವುದೂ ಅಷ್ಟೇ ಕಷ್ಟವಿತ್ತು. ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಕಟ್ಟಿದ ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯುತ್ತಿತ್ತು. ಉದ್ದಕ್ಕೆ 100, ಅಡ್ಡಕ್ಕೆ 100 ಚುಕ್ಕಿಗಳ ಒಂದು ಕಪ್ಪುಬಿಳುಪು ಚಿತ್ರ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಾಗಿತ್ತು. 1988ರಲ್ಲಿ ಜಪಾನಿನ ಫ್ಯೂಜಿ ಕಂಪನಿ ತೋರಿಸಿದ ಡಿಎಸ್-1ಪಿ ಎಂಬ ಕ್ಯಾಮೆರಾದಲ್ಲಿ ಸಿಲಿಕಾನ್ ಚಿಪ್ ಇರುವ ಕಾರ್ಡ್ ಇತ್ತು. ಆದರೆ ಆ ಚಿಪ್‌ಗೆ ನೆನಪು ಉಳಿಯಬೇಕಾದರೆ ಬ್ಯಾಟರಿಯ ಆಸರೆ ಬೇಕಿತ್ತು, ಹಿಡಿಯುತ್ತಿದ್ದುದು 5ರಿಂದ 10 ಚಿತ್ರ ಮಾತ್ರ. 1991ರಲ್ಲಿ ಬಂದ ಕೊಡಾಕ್ ಡಿಸಿಎಸ್ ಕ್ಯಾಮೆರಾವನ್ನು ಬಳಸುವ ಪತ್ರಿಕಾ ಛಾಯಾಗ್ರಾಹಕರು 200 ಎಂಬಿ ಹಾರ್ಡ್ ಡಿಸ್ಕ್ ಇದ್ದ ಪೆಟ್ಟಿಗೆಯನ್ನು ಹೆಗಲಿಗೆ ತೂಗುಹಾಕಿಕೊಂಡು ಓಡಾಡಬೇಕಿತ್ತು. 1997ರಲ್ಲಿ ಸೋನಿ ಹೊರತಂದ ಡಿಜಿಟಲ್ ಮಾವಿಕಾ ಕಂಪ್ಯೂಟರಿನ ಮೂರೂವರೆ ಇಂಚಿನ ಫ್ಲಾಪಿಯನ್ನೇ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಿತ್ತು. ಒಂದು ಫ್ಲಾಪಿಯ ಸಾಮರ್ಥ್ಯ 1.44 ಎಂಬಿ. ಇಂದಿನ ಸಾಧಾರಣ ಕ್ಯಾಮೆರಾದ ಒಂದು ಚಿತ್ರವೂ ಅದರಲ್ಲಿ ಹಿಡಿಯದು.

ಈ ಕಷ್ಟ ಕೊನೆಗೊಂಡದ್ದು ತೋಶಿಬಾ ಕಂಪನಿಯ ವಿಜ್ಞಾನಿ ಫುಜಿಯೊ ಮಸುಓಕಾ ಅವರ ಕೆಲಸದಿಂದ. ಫ್ಲ್ಯಾಶ್ ಮೆಮೊರಿಯ ವಿಚಾರವನ್ನು ಅವರು 1984ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಒಂದು ಸಮ್ಮೇಳನದಲ್ಲಿ ಮಂಡಿಸಿದರು. ಕಡಿಮೆ ಜಾಗದಲ್ಲಿ ಹೆಚ್ಚು ಮಾಹಿತಿ ಹಿಡಿಯುವ ನ್ಯಾಂಡ್ ಮಾದರಿಯನ್ನು 1987ರಲ್ಲಿ ಮುಂದಿಟ್ಟರು. ಇವತ್ತಿಗೂ ಕ್ಯಾಮೆರಾ ಕಾರ್ಡುಗಳಲ್ಲಿರುವುದು ಈ ನ್ಯಾಂಡ್ ಚಿಪ್. 

1994ರಿಂದ ಹಲವು ವರ್ಷ ಕಂಪನಿಗೊಂದು ಕಾರ್ಡು ಎಂಬ ಸ್ಥಿತಿ. ಸ್ಯಾನ್‌ಡಿಸ್ಕ್ ಕಂಪನಿ 1994ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಶ್ ತಂದಿತು; ತೋಶಿಬಾ 1995ರಲ್ಲಿ ಸ್ಮಾರ್ಟ್‌ಮೀಡಿಯಾ ತಂದಿತು. 1998ರಲ್ಲಿ ಸೋನಿಯ ಮೆಮೊರಿ ಸ್ಟಿಕ್, 2002ರಲ್ಲಿ ಒಲಿಂಪಸ್ ಮತ್ತು ಫ್ಯೂಜಿ ಸೇರಿ ತಂದ ಎಕ್ಸ್‌ಡಿ ಕಾರ್ಡ್. ಈ ನಡುವೆ 1999ರ ಆಗಸ್ಟಿನಲ್ಲಿ ಪ್ಯಾನಸೋನಿಕ್, ತೋಶಿಬಾ, ಸ್ಯಾನ್‌ಡಿಸ್ಕ್ ಮೂರೂ ಒಟ್ಟಾಗಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದವು. ಮರುವರ್ಷ ಎಸ್‌ಡಿ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿ, ಬೇರೆ ಕಂಪನಿಗಳೂ ಅದೇ ಅಳತೆ, ಅದೇ ನಿಯಮದಲ್ಲಿ ಕಾರ್ಡು ಮಾಡುವ ದಾರಿ ತೆರೆದವು. ಎಸ್‌ಡಿ ಗೆದ್ದದ್ದಕ್ಕೆ ಈ ತೆರೆದ ಬಾಗಿಲೇ ದೊಡ್ಡ ಕಾರಣ. 2010ರ ಹೊತ್ತಿಗೆ ಸೋನಿ ತನ್ನ ಕ್ಯಾಮೆರಾಗಳಲ್ಲೂ ಎಸ್‌ಡಿಗೆ ಜಾಗ ಕೊಟ್ಟಿತು. ಎಕ್ಸ್‌ಡಿ ಮರೆಗೆ ಸರಿಯಿತು.

ಕಾರ್ಡಿನ ಒಳಗೆ

ಆಯ್ಕೆಯ ನಿಯಮಗಳೆಲ್ಲ ಹುಟ್ಟುವುದು ಚಿಪ್‌ನ ಸ್ವಭಾವದಿಂದ. ಆದ್ದರಿಂದ ಅದನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಫ್ಲ್ಯಾಶ್ ಚಿಪ್‌ನಲ್ಲಿ ಕೋಟ್ಯಂತರ ಸೂಕ್ಷ್ಮ ಕೋಶಗಳಿರುತ್ತವೆ. ಪ್ರತಿ ಕೋಶದಲ್ಲೂ ವಿದ್ಯುತ್ ಹರಿಯಗೊಡದ ಪದರದಿಂದ ಸುತ್ತುವರಿದ ಒಂದು ಜಾಗವಿದೆ. ಬರೆಯುವಾಗ ಹೆಚ್ಚಿನ ವೋಲ್ಟೇಜ್ ಒಡ್ಡಿ ಎಲೆಕ್ಟ್ರಾನುಗಳನ್ನು ಆ ಪದರ ದಾಟಿಸಿ ಒಳಕ್ಕೆ ನೂಕಲಾಗುತ್ತದೆ. ಅಳಿಸುವಾಗ ಹೊರಕ್ಕೆ ಎಳೆಯಲಾಗುತ್ತದೆ. ಓದುವಾಗ ಅವು ಎಷ್ಟಿವೆ ಎಂದು ಅಳೆದು ನೋಡಿದರೆ ಸಾಕು. ಹೀಗಾಗಿ ಯಾವ ಕಾರ್ಡಿನಲ್ಲೂ ಓದುವುದು ಬೇಗ, ಬರೆಯುವುದು ತಡ.

ಇನ್ನೊಂದು ಸ್ವಭಾವವೂ ಇದೆ. ಒಮ್ಮೆ ಬರೆದ ಕೋಶದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು, ಮೊದಲು ಅಳಿಸಬೇಕು. ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಅಂಥ ನೂರಾರು ಪುಟಗಳು ಸೇರಿದ ದೊಡ್ಡ ಗುಂಪುಗಳಲ್ಲಿ. ಅಲ್ಲೊಂದು ಇಲ್ಲೊಂದು ಚಿತ್ರ ಅಳಿಸಿ ಬಳಸುತ್ತ ಹೋದ ಕಾರ್ಡಿನಲ್ಲಿ ನಿಯಂತ್ರಕ ಚಿಪ್‌ಗೆ ಈ ಹೊಂದಾಣಿಕೆಯ ಕೆಲಸ ಹೆಚ್ಚಿ, ವೇಗ ಕುಗ್ಗಬಹುದು. ಆಗಾಗ ಇಡೀ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಎಂದು ಅನುಭವಿಗಳು ಹೇಳುವುದಕ್ಕೆ ಇದೂ ಒಂದು ಕಾರಣ.

ಪ್ರತಿ ಸಲ ಬರೆದು ಅಳಿಸಿದಾಗಲೂ ಆ ನಿರೋಧಕ ಪದರ ಒಂದಿಷ್ಟು ಸವೆಯುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುತ್ತಿದ್ದ ಹಳೆಯ ಚಿಪ್‌ಗಳು ಹೆಚ್ಚು ತಾಳುತ್ತಿದ್ದವು. ಈಗ ಬೆಲೆ ಇಳಿಸಲು ಒಂದೇ ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ತುಂಬುತ್ತಾರೆ. ಮೂರು ಬಿಟ್ ಎಂದರೆ ಕೋಶದ ವಿದ್ಯುತ್ತಿನ 8 ಮಟ್ಟಗಳನ್ನು, ನಾಲ್ಕು ಎಂದರೆ 16 ಮಟ್ಟಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಅಂತರ ಕಡಿಮೆಯಾದಷ್ಟೂ ತಾಳಿಕೆ ಕಡಿಮೆ. ಒಂದೇ ಕೋಶದ ಮೇಲೆ ಭಾರ ಬೀಳದಂತೆ ನಿಯಂತ್ರಕ ಚಿಪ್ ಕೆಲಸವನ್ನು ಎಲ್ಲ ಕಡೆಗೂ ಹಂಚುತ್ತದೆ. ವಾರಕ್ಕೊಮ್ಮೆ ಚಿತ್ರ ತೆಗೆಯುವ ಹವ್ಯಾಸಿಯ ಕೈಯಲ್ಲಿ ಒಳ್ಳೆಯ ಕಾರ್ಡೊಂದು ಸವೆದು ಸಾಯುವ ಸಂಭವ ಕಡಿಮೆ. ಹಾಗೆಂದು ಅದನ್ನು ವರ್ಷಗಟ್ಟಲೆ ಚಿತ್ರ ಕಾಪಿಡುವ ಪೆಟ್ಟಿಗೆಯೆಂದು ಬಗೆಯುವುದು ತಪ್ಪು. ಕೋಶದಲ್ಲಿ ಸೆರೆಯಾದ ಎಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಸೋರಿಹೋಗುತ್ತವೆ, ಸೆಖೆಯಲ್ಲಿ ಇನ್ನೂ ಬೇಗ. ಕಾರ್ಡಿನ ಕೆಲಸ ಕ್ಯಾಮೆರಾದಿಂದ ಕಂಪ್ಯೂಟರಿಗೆ ಚಿತ್ರ ದಾಟಿಸುವುದು, ಅಷ್ಟೇ.

ಕ್ಯಾಮೆರಾ ಯಾವುದನ್ನು ಒಪ್ಪುತ್ತದೆ

ಮೊದಲ ಪ್ರಶ್ನೆ ಆಕಾರದ್ದು. ಎಸ್‌ಡಿ ಕಾರ್ಡ್ 32 ಮಿ.ಮೀ. ಉದ್ದ, 24 ಮಿ.ಮೀ. ಅಗಲ, 2.1 ಮಿ.ಮೀ. ದಪ್ಪ. ಫೋನು, ಡ್ರೋನು, ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಬಳಸುವ ಮೈಕ್ರೊ ಎಸ್‌ಡಿ ಉಗುರಿನಷ್ಟಗಲ, 15 ಮಿ.ಮೀ. ಉದ್ದ. ಮೈಕ್ರೊ ಕಾರ್ಡನ್ನು ಅಡಾಪ್ಟರಿಗೆ ಸೇರಿಸಿ ಎಸ್‌ಡಿ ಸ್ಲಾಟಿನಲ್ಲಿ ಬಳಸಬಹುದು. ಆದರೆ ಅಡಾಪ್ಟರ್ ಬಂದಲ್ಲಿ ಲೋಹದ ಸಂಪರ್ಕಗಳು ಎರಡು ಕಡೆ ಆಗುತ್ತವೆ, ಕೆಡುವ ಜಾಗವೂ ಎರಡಾಗುತ್ತದೆ. ಆಪತ್ಕಾಲಕ್ಕೆ ಸರಿ; ದಿನಬಳಕೆಗೆ ಪೂರ್ಣ ಗಾತ್ರದ ಕಾರ್ಡೇ ಇರಲಿ.

ಎರಡನೆಯ ಪ್ರಶ್ನೆ ಪೀಳಿಗೆಯದ್ದು. ಹೊರನೋಟಕ್ಕೆ ಒಂದೇ ಆಗಿರುವ ಎಸ್‌ಡಿ ಕಾರ್ಡಿನಲ್ಲಿ ನಾಲ್ಕು ಪೀಳಿಗೆಗಳಿವೆ. ಮೂಲ ಎಸ್‌ಡಿಯ ಮಿತಿ 2 ಜಿಬಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ, 2009ರಲ್ಲಿ ಬಂದ ಎಸ್‌ಡಿಎಕ್ಸ್‌ಸಿ 2 ಟಿಬಿವರೆಗೆ, 2018ರಲ್ಲಿ ಪ್ರಕಟವಾದ ಎಸ್‌ಡಿಯುಸಿ 128 ಟಿಬಿವರೆಗೆ. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಓದುತ್ತದೆ. ಹಳೆಯ ಕ್ಯಾಮೆರಾ ಹೊಸ ಪೀಳಿಗೆಯ ಕಾರ್ಡನ್ನು ಸಾಮಾನ್ಯವಾಗಿ ಓದದು. ಇವತ್ತು ಅಂಗಡಿಯಿಂದ ತಂದ ಹೊಸ ಕ್ಯಾಮೆರಾಕ್ಕೆ ಎಸ್‌ಡಿಎಕ್ಸ್‌ಸಿ ಹಾಕಲು ಯೋಚಿಸಬೇಕಿಲ್ಲ.

ಯೋಚಿಸಬೇಕಾದವರು ಹಳೆಯ ಕ್ಯಾಮೆರಾವನ್ನು ಎರಡನೇ ಕೈಯಲ್ಲಿ ಕೊಳ್ಳುವವರು. ನಮ್ಮಲ್ಲಿ ಛಾಯಾಗ್ರಹಣ ಕಲಿಯುವ ವಿದ್ಯಾರ್ಥಿಗಳಲ್ಲಿ ಇಂಥವರು ಕಡಿಮೆಯಿಲ್ಲ, ಅವರಿಗೆ ಬರೆದು ತಿಳಿಸುವವರು ಮಾತ್ರ ಕಡಿಮೆ. 2003ರ ಕ್ಯಾನನ್ ಇಒಎಸ್ 300ಡಿ, 2004ರ ನಿಕಾನ್ ಡಿ70 ಇವು ಕಾಂಪ್ಯಾಕ್ಟ್‌ಫ್ಲ್ಯಾಶ್ ಬೇಡುವ ಕ್ಯಾಮೆರಾಗಳು. ಕ್ಯಾನನ್ ತನ್ನ ಆರಂಭಿಕ ದರ್ಜೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಎಸ್‌ಡಿಗೆ ಬಂದದ್ದು 2008ರ 450ಡಿಯಲ್ಲಿ. ಕಾಂಪ್ಯಾಕ್ಟ್‌ಫ್ಲ್ಯಾಶ್ ಸ್ಲಾಟಿನಲ್ಲಿ 50 ಸಣ್ಣ ಪಿನ್ನುಗಳಿರುತ್ತವೆ. ಕಾರ್ಡನ್ನು ಓರೆಯಾಗಿ ತುರುಕಿ ಅವು ಬಾಗಿದ್ದರೆ ಕ್ಯಾಮೆರಾವೇ ರಿಪೇರಿಗೆ ಹೋಗಬೇಕಾಗುತ್ತದೆ. ಹಣ ಕೊಡುವ ಮೊದಲು ಬ್ಯಾಟರಿ ದೀಪ ಹಿಡಿದು ಸ್ಲಾಟಿನೊಳಗೆ ನೋಡಬೇಕು. 2006ಕ್ಕೂ ಹಿಂದಿನ ಎಸ್‌ಡಿ ಕ್ಯಾಮೆರಾಗಳಲ್ಲಿ ಬಹುತೇಕಕ್ಕೆ 2 ಜಿಬಿಯ ಮೂಲ ಕಾರ್ಡೇ ಬೇಕು, ಅದು ಈಗ ಪೇಟೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಮೆಮೊರಿ ಸ್ಟಿಕ್ ಅಥವಾ ಎಕ್ಸ್‌ಡಿ ಮಾತ್ರ ಒಪ್ಪುವ ಕ್ಯಾಮೆರಾ ಎಷ್ಟೇ ಅಗ್ಗವಾಗಿ ಸಿಕ್ಕರೂ ಅದರ ಜೊತೆಗೇ ಕಾರ್ಡು ಕೊಡದಿದ್ದರೆ ಕೊಳ್ಳದಿರುವುದು ಒಳ್ಳೆಯದು.

ಇನ್ನು ಎಕ್ಸ್‌ಕ್ಯೂಡಿ, ಸಿಎಫ್‌ಎಕ್ಸ್‌ಪ್ರೆಸ್ ಎಂಬ ಬಗೆಗಳು ವೃತ್ತಿಪರರ ದುಬಾರಿ ಕ್ಯಾಮೆರಾಗಳಿಗೆ ಸೇರಿದವು. ಹೊಸಬರು ಹೆಸರು ಕೇಳಿದ್ದರೆ ಸಾಕು.

ಮೂಲೆಯ ಗುರುತುಗಳು

ಕಾರ್ಡಿನ ಮುಖದ ಮೇಲೆ ಅತಿ ದೊಡ್ಡದಾಗಿ ಅಚ್ಚಾಗಿರುವುದು ಎರಡು ಸಂಖ್ಯೆ: ಎಷ್ಟು ಜಿಬಿ, ಸೆಕೆಂಡಿಗೆ ಎಷ್ಟು ಎಂಬಿ. ಈ ಎರಡನೆಯದು ಸಾಮಾನ್ಯವಾಗಿ ಓದುವ ವೇಗ, ಅದೂ ಅನುಕೂಲವೆಲ್ಲ ಕೂಡಿಬಂದಾಗ ತಲುಪಬಹುದಾದ ಗರಿಷ್ಠ ವೇಗ. ಅದು ಪ್ರಯೋಜನಕ್ಕೆ ಬರುವುದು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸುವಾಗ. ಕ್ಯಾಮೆರಾಕ್ಕೆ ಬೇಕಾದದ್ದು ಬರೆಯುವ ವೇಗ; ವಿಡಿಯೊಗೆ ಬೇಕಾದದ್ದು ಬರೆಯುವಾಗ ಎಂದೂ ಕೆಳಗಿಳಿಯದ ಕನಿಷ್ಠ ವೇಗ. ಈ ಕನಿಷ್ಠದ ಖಾತರಿಯನ್ನು ಸಾರುವುದು ಮೂಲೆಯ ಗುರುತುಗಳು. ಖಾತರಿಗಿಂತ ಆಸೆಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವ ಈ ಪದ್ಧತಿ ಕೊಳ್ಳುವವರಿಗೆ ಒಳ್ಳೆಯದನ್ನೇನೂ ಮಾಡಿಲ್ಲ.

ಗುರುತುಗಳು ಮೂರು ಕಾಲಘಟ್ಟಗಳಲ್ಲಿ ಬಂದವು, ಈಗ ಒಂದೇ ಕಾರ್ಡಿನ ಮೇಲೆ ಮೂರೂ ಕಾಣುತ್ತವೆ. ಮೊದಲನೆಯದು ಸಿ ಅಕ್ಷರದೊಳಗಿನ ಅಂಕಿ: 2, 4, 6, 10. ಸೆಕೆಂಡಿಗೆ ಕನಿಷ್ಠ ಅಷ್ಟು ಎಂಬಿ ಬರೆಯುತ್ತದೆ ಎಂದರ್ಥ. ಎರಡನೆಯದು ಯು ಅಕ್ಷರದೊಳಗಿನ ಅಂಕಿ: 1 ಇದ್ದರೆ 10 ಎಂಬಿ, 3 ಇದ್ದರೆ 30 ಎಂಬಿ. ಮೂರನೆಯದು ವಿ ಅಕ್ಷರದ ಪಕ್ಕದ ಅಂಕಿ: ವಿ6, ವಿ10, ವಿ30, ವಿ60, ವಿ90. ಇಲ್ಲಿ ಅಂಕಿಯೇ ಎಂಬಿ ಲೆಕ್ಕ. ಅಂದರೆ ಸಿ10, ಯು1, ವಿ10 ಮೂರೂ ಒಂದೇ ಖಾತರಿ. ಯು3, ವಿ30 ಎರಡೂ ಒಂದೇ ಖಾತರಿ. ಕೆಲವು ಕಾರ್ಡುಗಳ ಮೇಲೆ ಎ1, ಎ2 ಎಂದೂ ಇರುತ್ತದೆ. ಅದು ಫೋನಿನಲ್ಲಿ ಆ್ಯಪ್‌ಗಳು ಕಾರ್ಡಿನಿಂದಲೇ ಓಡುವಾಗ ಬೇಕಾದ ಗುಣ. ಕ್ಯಾಮೆರಾಕ್ಕಾಗಿ ಅದಕ್ಕೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಹಳೆಯ ಕಾರ್ಡುಗಳ ಮೇಲೆ 633ಎಕ್ಸ್ ಎಂಬಂಥ ಬರಹ ಕಂಡರೆ, ಒಂದು ಎಕ್ಸ್ ಎಂದರೆ ಸೆಕೆಂಡಿಗೆ 150 ಕೆಬಿ ಎಂದು ಗುಣಿಸಿ ನೋಡಬಹುದು. 633 ಎಕ್ಸ್ ಸುಮಾರು 95 ಎಂಬಿ ಆಗುತ್ತದೆ.

ಇವುಗಳ ಜೊತೆ ರೋಮನ್ ಅಂಕಿಯಲ್ಲಿ ಒಂದು ಅಥವಾ ಎರಡು ಎಂದು ಅಚ್ಚಾಗಿರುತ್ತದೆ. ಅದು ಕಾರ್ಡಿಗೂ ಕ್ಯಾಮೆರಾಕ್ಕೂ ನಡುವಿನ ಯುಎಚ್‌ಎಸ್ ಎಂಬ ದಾರಿಯ ಅಗಲ. 2010ರಲ್ಲಿ ಬಂದ ಯುಎಚ್‌ಎಸ್-1ರಲ್ಲಿ ಸೆಕೆಂಡಿಗೆ 104 ಎಂಬಿ ಹರಿಯಬಹುದು. ಮರುವರ್ಷ ಬಂದ ಯುಎಚ್‌ಎಸ್-2ರಲ್ಲಿ ಕಾರ್ಡಿನ ಹಿಂಬದಿಗೆ ಲೋಹದ ಸಂಪರ್ಕಗಳ ಎರಡನೇ ಸಾಲು ಸೇರಿತು, ದಾರಿ 312 ಎಂಬಿಗೆ ಏರಿತು. ಯುಎಚ್‌ಎಸ್-2 ಕಾರ್ಡನ್ನು ಯುಎಚ್‌ಎಸ್-1 ಕ್ಯಾಮೆರಾಕ್ಕೆ ಹಾಕಿದರೆ ಕೆಲಸ ಮಾಡುತ್ತದೆ, ಆದರೆ ಎರಡನೇ ಸಾಲು ಮುಟ್ಟುವುದಿಲ್ಲ. ಹೆಚ್ಚಿಗೆ ಕೊಟ್ಟ ಹಣ ಕ್ಯಾಮೆರಾದೊಳಗೆ ಫಲ ಕೊಡುವುದಿಲ್ಲ. ಆರಂಭಿಕ ದರ್ಜೆಯ ಬಹುತೇಕ ಕ್ಯಾಮೆರಾಗಳು ಯುಎಚ್‌ಎಸ್-1ಕ್ಕೇ ನಿಲ್ಲುತ್ತವೆ. ಕೊಳ್ಳುವ ಮೊದಲು ಕ್ಯಾಮೆರಾದ ಕೈಪಿಡಿಯಲ್ಲಿ ಈ ಒಂದು ಸಾಲನ್ನು ಹುಡುಕಿ ಓದಿದರೆ ಸಾವಿರಾರು ರೂಪಾಯಿ ಉಳಿಯಬಹುದು.

ಯುಎಚ್‌ಎಸ್-1 ಎಂಬ ಗುರುತಿದ್ದೂ ಮೇಲೆ 170, 200 ಎಂಬಿ ಎಂದು ಬರೆದ ಕಾರ್ಡುಗಳು ಸಿಗುತ್ತವೆ. 104ರ ಮಿತಿಯಿರುವಾಗ ಇದು ಹೇಗೆ ಸಾಧ್ಯ? ಆಯಾ ತಯಾರಕರು ಎಸ್‌ಡಿ ನಿಯಮದ ಆಚೆಗೆ ತಮ್ಮದೇ ವಿಧಾನ ಬಳಸಿ, ಅದಕ್ಕೆ ಹೊಂದುವ ಕಾರ್ಡ್ ರೀಡರಿನಲ್ಲಿ ಮಾತ್ರ ಆ ವೇಗ ತೆಗೆಯುತ್ತಾರೆ. ಕ್ಯಾಮೆರಾದೊಳಗೆ ಅದು 104ನ್ನು ದಾಟುವುದಿಲ್ಲ.

ಹಾಗಾದರೆ ಎಷ್ಟು ವೇಗ ಬೇಕು? ನಿಧಾನವಾಗಿ ಒಂದೊಂದೇ ಚಿತ್ರ ತೆಗೆಯುವವರಿಗೆ, ಎಂದರೆ ಹಂಪಿಯ ಮಂಟಪವನ್ನೋ ಮನೆಯ ಮಕ್ಕಳನ್ನೋ ಸಾವಧಾನವಾಗಿ ತೆಗೆಯುವವರಿಗೆ, ಸಿ10 ಕಾರ್ಡೂ ನಡೆಯುತ್ತದೆ. ಗುಂಡಿ ಒತ್ತಿ ಹಿಡಿದು ಸರಸರನೆ ತೆಗೆಯುವಾಗ ವೇಗದ ಮಾತು ಬರುತ್ತದೆ. ಚಿತ್ರ ನೇರವಾಗಿ ಕಾರ್ಡಿಗೆ ಹೋಗುವುದಿಲ್ಲ, ಮೊದಲು ಕ್ಯಾಮೆರಾದೊಳಗಿನ ಬಫರ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿ ನಿಲ್ಲುತ್ತದೆ. ತೋಟದ ತೊಟ್ಟಿಗೆ ಪಂಪು ನೀರು ತುಂಬುತ್ತಿದ್ದಂತೆ ಕಾಲುವೆಯಲ್ಲಿ ಅದು ಹೊರಹೋಗುವ ಹಾಗೆ ಇದರ ಕೆಲಸ. ಕಾಲುವೆ ಕಿರಿದಾದರೆ ತೊಟ್ಟಿ ಬೇಗ ತುಂಬಿ ಪಂಪು ನಿಲ್ಲಿಸಬೇಕಾಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಸಂಸ್ಕರಿಸದ ಮೂಲ ಚಿತ್ರ) ಸುಮಾರು 25ರಿಂದ 30 ಎಂಬಿ. ಸೆಕೆಂಡಿಗೆ 5ರಂತೆ ತೆಗೆದರೆ 150 ಎಂಬಿವರೆಗೆ ಹುಟ್ಟುತ್ತದೆ; ಯುಎಚ್‌ಎಸ್-1 ದಾರಿಯಲ್ಲಿ ಅಷ್ಟು ಹೋಗದು. ಕಬಿನಿಯ ದಡದಲ್ಲಿ ಆನೆ ಹಿಂಡು ನೀರಿಗಿಳಿದ ಹೊತ್ತಿಗೆ ಕ್ಯಾಮೆರಾ ತಡೆದು ನಿಂತು, ಕೆಂಪು ದೀಪ ಮಿನುಗುತ್ತಿದ್ದರೆ ಕಾರಣ ಇದೇ. ದುಬಾರಿ ಕಾರ್ಡು ಕೊಳ್ಳುವ ಮೊದಲು ಮಾಡಬಹುದಾದ ಉಪಾಯವೂ ಉಂಟು: ರಾ ಬಿಟ್ಟು, ಮಾಹಿತಿ ಕುಗ್ಗಿಸಿ ಉಳಿಸುವ ಜೆಪೆಗ್‌ನಲ್ಲಿ ತೆಗೆಯುವುದು. ಜೆಪೆಗ್ ಒಂದಕ್ಕೆ 10 ಎಂಬಿ ಎಂದುಕೊಂಡರೆ ಸೆಕೆಂಡಿಗೆ 50 ಎಂಬಿ. ಮಧ್ಯಮ ದರ್ಜೆಯ ಒಳ್ಳೆಯ ಕಾರ್ಡಿಗೆ ಅದು ಭಾರವಲ್ಲ.

ವಿಡಿಯೊದಲ್ಲಿ ಲೆಕ್ಕ ಇನ್ನೂ ಸ್ಪಷ್ಟ, ಒಂದು ಗೊಂದಲ ಬಿಟ್ಟರೆ. ಕ್ಯಾಮೆರಾ ಕೈಪಿಡಿ ವಿಡಿಯೊ ದರವನ್ನು ಮೆಗಾಬಿಟ್‌ನಲ್ಲಿ ಹೇಳುತ್ತದೆ, ಕಾರ್ಡು ಮೆಗಾಬೈಟ್‌ನಲ್ಲಿ, ಅಂದರೆ ಎಂಬಿಯಲ್ಲಿ. ಮೊದಲನೆಯದನ್ನು 8ರಿಂದ ಭಾಗಿಸಿದರೆ ಎರಡನೆಯದು. 4ಕೆ ವಿಡಿಯೊವನ್ನು ಹಲವು ಕ್ಯಾಮೆರಾಗಳು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆಯುತ್ತವೆ, ಅಂದರೆ 12.5 ಎಂಬಿ. ವಿ30 ಕಾರ್ಡು ಇದಕ್ಕೆ ಧಾರಾಳ ಸಾಕು. ವಿ60, ವಿ90 ಬೇಕಾಗುವುದು 400 ಮೆಗಾಬಿಟ್ಟಿನ ಆಸುಪಾಸಿನ ದರದಲ್ಲಿ ಬರೆಯುವ ಕ್ಯಾಮೆರಾಗಳಿಗೆ. ಕಲಿಯುವವರಿಗೆ ವಿ30 ಅಥವಾ ಯು3 ಗುರುತಿರುವ ಯುಎಚ್‌ಎಸ್-1 ಕಾರ್ಡು ಸರಿಯಾದ ಆಯ್ಕೆ. ಅದಕ್ಕಿಂತ ಕೆಳಗಿನದರಲ್ಲಿ ಉಳಿಯುವ ಹಣ ಅಲ್ಪ, ಮೇಲಿನದರಲ್ಲಿ ಸಿಗುವ ಲಾಭವೂ ಅಲ್ಪ.

ಎಷ್ಟು ಜಿಬಿ

64 ಜಿಬಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಹಲವು ಸಲ 59.6 ಜಿಬಿ ಎಂದು ತೋರಿಸುತ್ತದೆ. ಮೋಸವೇನೂ ಆಗಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಈ ವ್ಯತ್ಯಾಸ.

10 ಎಂಬಿಯ ಜೆಪೆಗ್ ಚಿತ್ರಗಳಾದರೆ 64 ಜಿಬಿಯಲ್ಲಿ ಸುಮಾರು 6,000 ಹಿಡಿಯುತ್ತವೆ. ಫಿಲಂ ಕಾಲದ 36 ಚಿತ್ರಗಳ ರೀಲಿನಲ್ಲಿ ಎಣಿಸಿದರೆ 160ಕ್ಕೂ ಹೆಚ್ಚು ರೀಲು. ಒಂದು ಮದುವೆಗೆ ಕೆಲವೇ ರೀಲು ಹಿಡಿದು ಹೊರಡುತ್ತಿದ್ದ ಸ್ಟುಡಿಯೊದವರು ಗುಂಡಿ ಒತ್ತುವ ಮುನ್ನ ಎಷ್ಟು ಯೋಚಿಸುತ್ತಿದ್ದಿರಬೇಕು! ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ಉಳಿಸುವ ಅಭ್ಯಾಸವಿದ್ದರೆ ಅದೇ ಕಾರ್ಡಿನಲ್ಲಿ 1,500ರ ಆಸುಪಾಸು. ಒಂದು ಪ್ರವಾಸಕ್ಕೆ ಇದೂ ಸಾಕು.

ಜಾಗ ತಿನ್ನುವುದು ವಿಡಿಯೊ. 100 ಮೆಗಾಬಿಟ್ ದರದ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. 64 ಜಿಬಿ ಕಾರ್ಡು ಒಂದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ. 30 ಮೆಗಾಬಿಟ್ ದರದ ಫುಲ್ ಎಚ್‌ಡಿಯಾದರೆ ಗಂಟೆಗೆ 13.5 ಜಿಬಿ. ಊರ ಬಯಲಿನಲ್ಲಿ ಮೂರು ಗಂಟೆಯ ಕಾಲಮಿತಿ ಯಕ್ಷಗಾನವನ್ನು ಹೀಗೆ ಚಿತ್ರಿಸಲು ಹೊರಟವರಿಗೆ ಸುಮಾರು 40 ಜಿಬಿ, ಬೆಳತನಕದ ಎಂಟು ಗಂಟೆಯ ಆಟಕ್ಕೆ 108 ಜಿಬಿ ಬೇಕು. ಅಷ್ಟು ಹೊತ್ತಿಗೆ ಕಾರ್ಡಿಗಿಂತ ಮೊದಲು ಬ್ಯಾಟರಿ ಮುಗಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32 ಎಂಬ ಹಳೆಯ ವ್ಯವಸ್ಥೆ ಬಳಸುವುದರಿಂದ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಉದ್ದದ ವಿಡಿಯೊವನ್ನು ಕ್ಯಾಮೆರಾ ತುಂಡು ತುಂಡಾಗಿ ಬರೆಯುತ್ತದೆ. 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್ ಬಳಸುತ್ತವೆ, ಅಲ್ಲಿ ಈ ಕಟ್ಟು ಇಲ್ಲ.

ಒಂದು 128 ಜಿಬಿ ಕಾರ್ಡೋ, ಎರಡು 64 ಜಿಬಿ ಕಾರ್ಡೋ ಎಂಬ ಚರ್ಚೆ ಹಳೆಯದು. ಕಾರ್ಡು ಬದಲಿಸುವಾಗಲೇ ಕಳೆದುಹೋಗುವುದು ಹೆಚ್ಚು, ಆದ್ದರಿಂದ ಒಂದೇ ದೊಡ್ಡದಿರಲಿ ಎನ್ನುವವರಿದ್ದಾರೆ. ಅದರಲ್ಲೂ ಸತ್ಯವಿದೆ. ಆದರೆ ಒಂದು ಕಾರ್ಡು ಕೈಕೊಟ್ಟರೆ ಇನ್ನೊಂದು ಜೇಬಿನಲ್ಲಿರುವುದು, ಇಡೀ ಪ್ರವಾಸದ ಚಿತ್ರಗಳು ಒಂದೇ ಕಡೆ ಇಲ್ಲದಿರುವುದು ಕಲಿಯುವವರಿಗೆ ಹೆಚ್ಚು ಕ್ಷೇಮ. ಆರಂಭಿಕ ದರ್ಜೆಯ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದೇ ಸ್ಲಾಟ್ ಇರುವುದರಿಂದ, ತೆಗೆಯುತ್ತಿರುವಾಗಲೇ ಎರಡು ಕಾರ್ಡಿಗೆ ಪ್ರತಿ ಬರೆಯುವ ಅನುಕೂಲ ಅವರಿಗೆ ಇಲ್ಲ. ಮುಖ್ಯವಾಗಿ ಚಿತ್ರ ತೆಗೆಯುವವರಿಗೆ ಎರಡು 64 ಜಿಬಿ, ವಿಡಿಯೊದವರಿಗೆ ಎರಡು 128 ಜಿಬಿ ಎಂಬುದು ಈ ಲೇಖನದ ಸಲಹೆ.

ನಕಲಿ ಕಾರ್ಡುಗಳು

ಮೆಮೊರಿ ಕಾರ್ಡಿನಲ್ಲಿ ನಡೆಯುವ ಮೋಸ ಹೊರಗೆ ಕಾಣುವಂಥದ್ದಲ್ಲ. 8 ಜಿಬಿ ಚಿಪ್ ಇರುವ ಕಾರ್ಡಿನ ನಿಯಂತ್ರಕಕ್ಕೆ ತಾನು 128 ಜಿಬಿ ಎಂದು ಹೇಳುವಂತೆ ಕಲಿಸಿ, ಹೆಸರಾಂತ ಕಂಪನಿಯ ಚೀಟಿ ಅಂಟಿಸಿ ಮಾರುತ್ತಾರೆ. ಕ್ಯಾಮೆರಾವೂ ಕಂಪ್ಯೂಟರೂ ಅದು ಹೇಳಿದ್ದನ್ನೇ ನಂಬುತ್ತವೆ. ಮೊದಲ ಕೆಲವು ನೂರು ಚಿತ್ರಗಳು ಸರಿಯಾಗಿಯೇ ಇರುತ್ತವೆ. 8 ಜಿಬಿ ತುಂಬಿದ ಮೇಲೆ ಬಂದವು ಹಳೆಯದರ ಮೇಲೆ ಕೂರುತ್ತವೆ ಇಲ್ಲವೆ ಎಲ್ಲೂ ಕೂರದೆ ಹೋಗುತ್ತವೆ. ಪಟ್ಟಿಯಲ್ಲಿ ಫೈಲಿನ ಹೆಸರಿರುತ್ತದೆ, ತೆರೆದರೆ ಚಿತ್ರವಿರುವುದಿಲ್ಲ. ತಂಗಿಯ ಮದುವೆಯ ಚಿತ್ರಗಳು ಹೀಗೆ ಹೋದರೆ ಯಾವ ಹಣ ವಾಪಸಾತಿಯೂ ಅದನ್ನು ತುಂಬಿಕೊಡದು.

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಕೊಳ್ಳಲಿ, ಫೋನಿನಲ್ಲೇ ಆರ್ಡರ್ ಮಾಡಲಿ, ನೋಡಬೇಕಾದದ್ದು ಇಷ್ಟು: ಒಡೆಯದ ಪೊಟ್ಟಣ, ಜಿಎಸ್‌ಟಿ ಬಿಲ್ಲು, ಮಾರುವವರು ತಯಾರಕರ ಅಧಿಕೃತ ಮಾರಾಟಗಾರರೇ ಎಂಬ ವಿವರ. ಪೊಟ್ಟಣದ ಸರಕುಗಳ ಬಗೆಗಿನ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು-ವರ್ಷ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಪೊಟ್ಟಣದ ಮೇಲೆ ಇರಲೇಬೇಕು. ಇವಿಲ್ಲದ ಬಿಡಿ ಕಾರ್ಡು ಅರ್ಧ ಬೆಲೆಗೆ ಸಿಕ್ಕರೂ ಬೇಡ. ಕೊಂಡು ತಂದ ದಿನವೇ ಪರೀಕ್ಷಿಸಬಹುದು. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶಗಳು ಇಡೀ ಕಾರ್ಡಿಗೆ ಮಾಹಿತಿ ತುಂಬಿ, ಮತ್ತೆ ಓದಿ, ಎಷ್ಟು ನಿಜವಾಗಿ ಉಳಿದಿದೆ ಎಂದು ಹೇಳುತ್ತವೆ. ದೊಡ್ಡ ಕಾರ್ಡಿಗೆ ಗಂಟೆಗಟ್ಟಲೆ ಹಿಡಿಯಬಹುದು, ಆದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ನಿಜ ತಿಳಿಯುತ್ತದೆ.

ಬಳಕೆ ಮತ್ತು ಜೋಪಾನ

ಹೊಸ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಬೇಕು. ಕ್ಯಾಮೆರಾಗಳು ಚಿತ್ರಗಳನ್ನು ಜಪಾನಿನಲ್ಲಿ 1998ರಲ್ಲಿ ರೂಪುಗೊಂಡ ಡಿಸಿಎಫ್ ಎಂಬ ನಿಯಮದಂತೆ ಡಿಸಿಐಎಂ ಹೆಸರಿನ ಫೋಲ್ಡರಿನೊಳಗೆ ಜೋಡಿಸುತ್ತವೆ. ಕ್ಯಾಮೆರಾವೇ ಫಾರ್ಮ್ಯಾಟ್ ಮಾಡಿದಾಗ ಅದಕ್ಕೆ ಬೇಕಾದ ವ್ಯವಸ್ಥೆ ತಪ್ಪಿಲ್ಲದೆ ತಯಾರಾಗುತ್ತದೆ. ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದಕ್ಕೆ ಹಾಕುವಾಗಲೂ ಹೀಗೆಯೇ, ಹಳೆಯ ಚಿತ್ರಗಳನ್ನು ಇಳಿಸಿಕೊಂಡ ಮೇಲೆ. ಕಾರ್ಡಿನ ಎಡಪಕ್ಕದ ಪುಟ್ಟ ಜಾರುಗುಂಡಿ ಕೆಳಗಿದ್ದರೆ ಬರೆಯಲು ಬೀಗ ಬಿದ್ದಿದೆ ಎಂದರ್ಥ. ಕ್ಯಾಮೆರಾ ಹಠ ಹಿಡಿದು ಚಿತ್ರ ತೆಗೆಯದಿದ್ದಾಗ ಮೊದಲು ನೋಡಬೇಕಾದದ್ದು ಅದನ್ನು.

ದೀಪ ಮಿನುಗುತ್ತಿರುವಾಗ ಕಾರ್ಡು ಹೊರತೆಗೆಯುವುದು, ಬ್ಯಾಟರಿ ಕೀಳುವುದು ಕಾರ್ಡು ಕೆಡುವ ಸಾಮಾನ್ಯ ಕಾರಣಗಳು. ಕಾರ್ಡು ಬರೆಯುತ್ತಿರುವ ನಡುವೆ ವಿದ್ಯುತ್ ತಪ್ಪಿದರೆ ಒಂದು ಚಿತ್ರವಷ್ಟೇ ಹೋಗಬೇಕೆಂದಿಲ್ಲ, ಯಾವ ಚಿತ್ರ ಎಲ್ಲಿದೆ ಎಂಬ ಇಡೀ ಪಟ್ಟಿಯೇ ಹಾಳಾಗಬಹುದು. ಒಳ್ಳೆಯ ಕಾರ್ಡುಗಳು ಸೊನ್ನೆಗಿಂತ 25 ಡಿಗ್ರಿ ಕೆಳಗಿನಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಬಳಸುವಾಗ ರಾಯಚೂರಿನ ಬೇಸಿಗೆ ಅವಕ್ಕೆ ಕಷ್ಟವಲ್ಲ. ಆಗುಂಬೆಯ ಮಳೆಗಾಲದಲ್ಲಿ ತೊಂದರೆಯಾಗುವುದು ಚಿಪ್‌ಗಿಂತ ಲೋಹದ ಸಂಪರ್ಕಗಳಿಗೆ. ಕೈ ಒರೆಸಿಕೊಂಡು, ಸಂಪರ್ಕಗಳನ್ನು ಮುಟ್ಟದೆ ಅಂಚು ಹಿಡಿದು ಹಾಕಿ ತೆಗೆದು ಮಾಡಬೇಕು, ಕಾರ್ಡುಗಳನ್ನು ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಇಡಬೇಕು. ವಿದೇಶಕ್ಕೆ ಹೋಗಿಬರುವವರು ಹಿಂದೆ ಫಿಲಂ ರೀಲಿಗೆ ವಿಮಾನ ನಿಲ್ದಾಣದ ಎಕ್ಸ್‌ರೇ ತಗುಲದಂತೆ ಪಾಡುಪಡುತ್ತಿದ್ದರು. ಮೆಮೊರಿ ಕಾರ್ಡಿಗೆ ಆ ಎಕ್ಸ್‌ರೇಯಿಂದ ಅಪಾಯವಿಲ್ಲ.

ಪ್ರತಿ ಸಲ ಹೊರಗಿನಿಂದ ಬಂದ ದಿನವೇ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇರೆ ಒಂದು ಹಾರ್ಡ್ ಡಿಸ್ಕಿಗೂ ಪ್ರತಿ ಮಾಡಿ, ಎರಡೂ ತೆರೆಯುತ್ತವೆಂದು ನೋಡಿದ ಮೇಲಷ್ಟೇ ಕಾರ್ಡನ್ನು ಖಾಲಿ ಮಾಡಬೇಕು. ಕಾರ್ಡಿಗೆ ಕೊಡುವ ಹಣಕ್ಕಿಂತ ಈ ಅಭ್ಯಾಸ ಚಿತ್ರಗಳನ್ನು ಹೆಚ್ಚು ಕಾಯುತ್ತದೆ.

ತಪ್ಪಿ ಅಳಿಸಿದ ಅಥವಾ ಫಾರ್ಮ್ಯಾಟ್ ಆದ ಕಾರ್ಡಿನಿಂದಲೂ ಹಲವು ಸಲ ಚಿತ್ರ ಮರಳಿ ಪಡೆಯಬಹುದು. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಪಟ್ಟಿ. ಚಿತ್ರದ ಮಾಹಿತಿ ಚಿಪ್‌ನಲ್ಲಿ ಇನ್ನೂ ಉಳಿದಿರುತ್ತದೆ. ಫೋಟೊರೆಕ್ ಎಂಬ ಉಚಿತ ತಂತ್ರಾಂಶ ಪಟ್ಟಿಯ ಹಂಗಿಲ್ಲದೆ ಆ ಮಾಹಿತಿಯನ್ನೇ ಹುಡುಕಿ ಫೈಲ್ ಕಟ್ಟಿಕೊಡುತ್ತದೆ, ಹಳೆಯ ಹೆಸರುಗಳು ಮಾತ್ರ ಸಿಗುವುದಿಲ್ಲ. ಆದರೆ ಹೊಸ ಚಿತ್ರವೊಂದು ಅದೇ ಜಾಗದಲ್ಲಿ ಬಂದು ಕೂತರೆ ಹಳೆಯದನ್ನು ಯಾವ ತಂತ್ರಾಂಶವೂ ತರಲಾರದು. ಚಿತ್ರ ಹೋಯಿತೆಂದು ಗೊತ್ತಾದ ಕೂಡಲೇ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯಬೇಡಿ. ಹೊರತೆಗೆದು ಬದಿಗಿಡಿ, ಎರಡನೇ ಕಾರ್ಡು ಹಾಕಿಕೊಂಡು ಕೆಲಸ ಮುಂದುವರಿಸಿ.